ಜಿಂಕೆಗೆ ಗುಂಡು ತಗಲಿತು, ಆದರೆ ಸಿಗಲಿಲ್ಲ: ತಪ್ಪು ಗುಂಡಿನದಾ, ಗುರಿಯದಾ?

ಪ್ರಶ್ನೆ: ಸರ್, ಬೇಟೆಗೆ ಕಾನೂನಿನ ಅನುಮತಿ ಇರುವ ದೇಶದಲ್ಲಿದ್ದೇನೆ. ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು, ಕಳೆದ ಸೀಸನ್ನಿನಲ್ಲಿ ಮೊದಲ ಸಲ ಒಂದು ಬಿಳಿಬಾಲದ ಜಿಂಕೆಗೆ ಗುಂಡು ಹಾರಿಸಿದೆ. ನನ್ನದು .308 ರೈಫಲ್, 150 ಗ್ರೇನ್ ತೂಕದ ಸಾಫ್ಟ್ ಪಾಯಿಂಟ್ (ತುದಿಯಲ್ಲಿ ಸೀಸ ಕಾಣುವ) ಗುಂಡು. ದೂರ ಸುಮಾರು 120 ಗಜ. ಜಿಂಕೆ ನನ್ನ ಕಡೆಗೆ ಅರ್ಧ ತಿರುಗಿ ನಿಂತಿತ್ತು. ಹೇಳಿಕೊಟ್ಟ ಹಾಗೆ ಮುಂಗಾಲಿನ ಹಿಂದೆಯೇ ಗುರಿ ಇಟ್ಟೆ. ಗುಂಡು ತಗಲಿದ ಕೂಡಲೇ ಅದು ಬೆನ್ನು ಗೂನು ಮಾಡಿಕೊಂಡು ಮೆಲ್ಲಗೆ ಪೊದೆಯೊಳಗೆ ಹೋಯಿತು. ಐದು ನಿಮಿಷ ಕಾದು ಹಿಂದೆ ಹೋದೆವು. ಅಲ್ಲಲ್ಲಿ ಸ್ವಲ್ಪ ರಕ್ತ, ಅದರ ಜೊತೆ ಹಸಿರು ಹಸಿರಾಗಿ ಏನೋ ಬಿದ್ದಿತ್ತು. ಒಂದು ಕಡೆ ಮಲಗಿದ್ದದ್ದು ನಮ್ಮನ್ನು ಕಂಡು ಎದ್ದು ಓಡಿತು. ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ಜೊತೆಯವರು "ಮ್ಯಾಗ್ನಮ್ ರೈಫಲ್ ತಗೋ, ತಾಮ್ರದ ಗುಂಡು ಹಾಕು" ಅನ್ನುತ್ತಿದ್ದಾರೆ. ಆ ಪ್ರಾಣಿ ಎಲ್ಲೋ ನರಳಿ ಸತ್ತಿರಬೇಕು ಅನ್ನೋದು ಮನಸ್ಸಿನಿಂದ ಹೋಗ್ತಿಲ್ಲ. ಯಾವ ಗುಂಡು ಹಾಕಬೇಕು, ಎಲ್ಲಿ ಹೊಡೆಯಬೇಕು?

ಉತ್ತರ:

ನೀವು ಇಷ್ಟು ವಿವರವಾಗಿ ಬರೆದಿದ್ದರಿಂದ ಏನಾಯಿತು ಅಂತ ಹೇಳುವುದು ಕಷ್ಟವಿಲ್ಲ. ಬೆನ್ನು ಗೂನು, ನಿಧಾನದ ನಡಿಗೆ, ಹಸಿರು ಗಲೀಜು. ಮೂರೂ ಒಂದೇ ಮಾತು ಹೇಳುತ್ತಿವೆ: ಗುಂಡು ಹೊಟ್ಟೆಯ ಮೂಲಕ ಹೋಗಿದೆ. ಆ ಹಸಿರು ಅದು ಮೇಯ್ದ ಸೊಪ್ಪು. ನಿಮ್ಮ ಗುಂಡಿನಲ್ಲಿ ತಪ್ಪಿಲ್ಲ. 120 ಗಜದಲ್ಲಿ .308ರ 150 ಗ್ರೇನ್ ಸಾಫ್ಟ್ ಪಾಯಿಂಟ್ ಅಂದರೆ ಜಿಂಕೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ನೀವು ಬಹುಶಃ ಗುರಿ ಇಟ್ಟ ಜಾಗಕ್ಕೇ ಹೊಡೆದಿದ್ದೀರಿ. ಆದರೆ ಜಿಂಕೆ ನಿಂತ ಕೋನಕ್ಕೆ ಆ ಜಾಗ ಸರಿಯಾದದ್ದಲ್ಲ.

"ಮುಂಗಾಲಿನ ಹಿಂದೆ ಹೊಡಿ" ಅನ್ನುವ ಪಾಠ ಪೂರ್ತಿ ಅಡ್ಡಕ್ಕೆ ನಿಂತ ಜಿಂಕೆಗೆ ಮಾತ್ರ. ನಿಮ್ಮ ಕಡೆ ಅರ್ಧ ತಿರುಗಿ ನಿಂತಾಗ ಅದರ ಎದೆ ನಿಮಗೆ ಹತ್ತಿರ, ಸೊಂಟ ದೂರ. ಆಗ ಈ ಕಡೆಯ ಮುಂಗಾಲಿನ ಹಿಂದೆ ಹೊಕ್ಕ ಗುಂಡು ಓರೆಯಾಗಿ ಹಿಂದಕ್ಕೆ ಸಾಗುತ್ತದೆ. ಹೆಚ್ಚೆಂದರೆ ಒಂದು ಶ್ವಾಸಕೋಶದ ಅಂಚು ಸವರಿ, ಲಿವರ್ ಮುಟ್ಟಿದರೆ ಮುಟ್ಟಿ, ಹೊಟ್ಟೆಯೊಳಗೆ ಹಾದು ಆ ಕಡೆಯ ಕೊನೆಯ ಪಕ್ಕೆಲುಬುಗಳ ಹಿಂದೆ ಹೊರಬೀಳುತ್ತದೆ. ಇಂಥ ಏಟಿಗೆ ಇನ್ನೂ ಬಲವಾದ ಮ್ಯಾಗ್ನಮ್ ಹಾಕಿದ್ದರೂ ಹೊಟ್ಟೆಯಲ್ಲಿ ತೂತು ಇನ್ನಷ್ಟು ದೊಡ್ಡದಾಗುತ್ತಿತ್ತು, ಅಷ್ಟೇ.

ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿಕೊಳ್ಳಿ. ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ತಗೊಳ್ಳಿ. ಅದರ ಮುಂದಿನ ಅರ್ಧದಲ್ಲಿ, ತಳಕ್ಕೆ ಹತ್ತಿರವಾಗಿ, ಒಂದು ಫುಟ್‌ಬಾಲ್ ಇಡಿ. ಅದು ಹೃದಯ ಮತ್ತು ಶ್ವಾಸಕೋಶ. ಹಿಂದಿನ ಅರ್ಧಕ್ಕೆ ಹಳೇ ಬಟ್ಟೆ ತುರುಕಿ. ಅದು ಹೊಟ್ಟೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡಕ್ಕೆ ಇಟ್ಟು ಬದಿಯಿಂದ ಒಂದು ಉದ್ದನೆಯ ಕಡ್ಡಿ ಚುಚ್ಚಿ. ಚೆಂಡಿಗೆ ತಾಗುತ್ತದೆ. ಈಗ ಪೆಟ್ಟಿಗೆಯ ಮುಂಭಾಗ ನಿಮ್ಮ ಕಡೆ ಬರುವ ಹಾಗೆ ಓರೆ ತಿರುಗಿಸಿ, ಅದೇ ತೂತಿನ ಹತ್ತಿರ, ನಿಮ್ಮಿಂದ ನೇರ ಮುಂದಕ್ಕೆ ಕಡ್ಡಿ ತಳ್ಳಿ. ಕಡ್ಡಿ ಚೆಂಡಿನ ಹಿಂದೆ ಹಾದು ಬಟ್ಟೆಯೊಳಗೆ ಹೋಗುತ್ತದೆ. ಕಳೆದ ಸೀಸನ್ನಿನಲ್ಲಿ ನಿಮಗೆ ಆದದ್ದು ಇದೇ. ಈ ಆಟವನ್ನು ಹತ್ತು ನಿಮಿಷ ಆಡಿದರೆ ಚಿತ್ರಗಳಲ್ಲಿ ನೋಡಿ ಕಲಿಯುವುದಕ್ಕಿಂತ ಜಾಸ್ತಿ ತಲೆಗೆ ಹೋಗುತ್ತದೆ. ನಾನು ಹೊಸಬರಿಗೆ ರೈಫಲ್ ಕೈಗೆ ಕೊಡುವ ಮೊದಲೇ ಕಡ್ಡಿ ಕೊಡುತ್ತೇನೆ.

ಅಂದರೆ, ಗುರಿ ಇಡುವಾಗ ಚರ್ಮದ ಮೇಲೆ ಎಲ್ಲಿ ಹೊಡೆಯಲಿ ಅಂತ ಯೋಚಿಸಬೇಡಿ. ಗುಂಡು ಎಲ್ಲಿ ಹೊರಬರಬೇಕು ಅಂತ ಯೋಚಿಸಿ. ಎರಡೂ ಮುಂಗಾಲುಗಳ ನಡುವೆ ಆ ಚೆಂಡು ತೂಗಾಡುತ್ತಿದೆ ಅಂದುಕೊಳ್ಳಿ. ಜಿಂಕೆ ಹೇಗೇ ನಿಂತಿರಲಿ, ಗುಂಡಿನ ದಾರಿ ಆ ಚೆಂಡಿನ ನಡುವೆ ಹೋಗಬೇಕು. ಹೋಗುವುದಿಲ್ಲ ಅಂತಾದರೆ ಆ ಈಡು ನಿಮ್ಮದಲ್ಲ.

ಪ್ರಾಣಿ ಸಾಯುವುದು ಹೇಗೆ ಅಂತ ತಿಳಿದಿದ್ದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಗುಂಡಿನ ಹೊಡೆತದ ಬಿರುಸಿಗೇ ಜಿಂಕೆ ಸಾಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಎರಡೂ ಶ್ವಾಸಕೋಶ ಅಥವಾ ಹೃದಯ ಹರಿದಾಗ ರಕ್ತದ ಒತ್ತಡ ಕುಸಿಯುತ್ತದೆ, ಮೆದುಳಿಗೆ ಆಮ್ಲಜನಕ ನಿಲ್ಲುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಅಷ್ಟರೊಳಗೆ ಅದು ಐವತ್ತು ನೂರು ಗಜ ಓಡಬಹುದು. ಹಾಗೆ ಓಡಿದರೆ ಗಾಬರಿ ಬೇಡ. ಹೃದಯ ಒಡೆದ ಜಿಂಕೆಯೂ ಓಡುತ್ತದೆ. ನಿಂತಲ್ಲೇ ಬೀಳಿಸಬೇಕು ಅನ್ನುವ ಹಟವೇ ತಲೆಗೆ, ಕತ್ತಿಗೆ ಹೊಡೆಯುವ ಕೆಟ್ಟ ಆಸೆಗೆ ಮೂಲ.

ತಲೆಯ ವಿಷಯ ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಮೆದುಳು ಚಿಕ್ಕದು, ತಲೆ ಕ್ಷಣಕ್ಕೊಮ್ಮೆ ಅಲುಗುತ್ತದೆ. ಎರಡು ಇಂಚು ಆಚೀಚೆ ಆದರೆ ದವಡೆ ಒಡೆಯುತ್ತದೆ. ಆ ಜಿಂಕೆ ಓಡಿಹೋಗಿ, ಮೇಯಲಾಗದೆ, ನೀರು ಕುಡಿಯಲಾಗದೆ ದಿನಗಟ್ಟಲೆ ಬದುಕುತ್ತದೆ. ಕತ್ತಿನದೂ ಹೀಗೆಯೇ. ನೋಡಲು ದಪ್ಪ, ಒಳಗಿನ ಬೆನ್ನುಹುರಿ ಬೆರಳಿನಷ್ಟು. ಹಿಂದಿನಿಂದ ಹೊಡೆಯುವುದರ ಬಗ್ಗೆ ಮಾತೇ ಬೇಡ.

ಹಾಗಾದರೆ ಎಲ್ಲಿ? ಪೂರ್ತಿ ಅಡ್ಡಕ್ಕೆ ನಿಂತಿದ್ದರೆ, ಹತ್ತಿರದ ಮುಂಗಾಲಿನ ಹಿಂದಿನ ಅಂಚಿನ ಗುಂಟ ಕಣ್ಣನ್ನು ಮೇಲಕ್ಕೆ ತನ್ನಿ. ಎದೆಯ ತಳದಿಂದ ಮೇಲಕ್ಕೆ, ಮೈಯ ಎತ್ತರದ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ. ಅಲ್ಲಿ ಹೊಡೆದರೆ ಹೃದಯದ ಮೇಲುಭಾಗ, ದೊಡ್ಡ ರಕ್ತನಾಳಗಳು, ಎರಡೂ ಶ್ವಾಸಕೋಶ ಒಂದೇ ದಾರಿಯಲ್ಲಿ ಸಿಗುತ್ತವೆ. ಬಿಳಿಬಾಲದ ಜಿಂಕೆಯಲ್ಲಿ ಈ ಜಾಗ ಸುಮಾರು 8 ಇಂಚು ಅಡ್ಡಳತೆಯ ವೃತ್ತ. ನಾಲ್ಕೂ ಕಡೆ ಮೂರು ಇಂಚು ತಪ್ಪಿದರೂ ಕೆಲಸ ಆಗುತ್ತದೆ. ಅದಕ್ಕೇ ಇದು ಒಳ್ಳೆಯ ಈಡು.

ನಿಮ್ಮಿಂದ ಆಚೆಗೆ ಓರೆಯಾಗಿ ನಿಂತಿದ್ದರೆ ಇನ್ನೂ ಒಳ್ಳೆಯದು. ನಿಮ್ಮನ್ನು ಅದು ನೋಡುತ್ತಿಲ್ಲ, ಭುಜದ ಮೂಳೆಯೂ ಅಡ್ಡ ಇಲ್ಲ. ಆ ಕಡೆಯ ಮುಂಗಾಲಿನ ಮೇಲೆ ಮನಸ್ಸಿನಲ್ಲೇ ಗುರುತು ಹಾಕಿ, ಗುಂಡು ಅಲ್ಲಿಗೆ ತಲುಪುವ ಹಾಗೆ ಈ ಕಡೆಯಿಂದ ಹೊಡೆಯಿರಿ. ಒಳಹೋಗುವ ತೂತು ಪಕ್ಕೆಲುಬುಗಳ ನಡುಭಾಗಕ್ಕೆ ಬಂದೀತು. ನೋಡಲು ತೀರಾ ಹಿಂದೆ ಅನ್ನಿಸುತ್ತದೆ, ಕಡ್ಡಿ ಆಟ ನೆನಪಿಸಿಕೊಳ್ಳಿ. ಓರೆ ತುಂಬಾ ಜಾಸ್ತಿ ಇದ್ದರೆ ಮಾತ್ರ ಹೊಟ್ಟೆ ಅಡ್ಡ ಬರುತ್ತದೆ, ಆಗ ಬಿಡಿ.

ನಿಮ್ಮ ಕಡೆಗೆ ಓರೆಯಾಗಿ ನಿಂತದ್ದಕ್ಕೆ ಸರಿಯಾದ ಜಾಗ ಭುಜದ ಮುಂದಿನ ಭಾಗ, ಕತ್ತಿನ ಬುಡ ಮತ್ತು ಭುಜ ಸೇರುವ ಕಡೆ. ಅನುಭವ ಇರುವವರು ಗಟ್ಟಿ ಗುಂಡಿನಲ್ಲಿ ಇದನ್ನು ಹೊಡೆಯುತ್ತಾರೆ. ನೀವು ಈಗಲೇ ಹೊಡೆಯಬೇಡಿ. ಮೇಯುವ ಜಿಂಕೆ ಒಂದೇ ಕಡೆ ನಿಲ್ಲುವ ಪ್ರಾಣಿಯಲ್ಲ. ಎರಡು ನಿಮಿಷ ಉಸಿರು ಬಿಗಿಹಿಡಿದು ಕೂತರೆ ತಾನಾಗಿಯೇ ಅಡ್ಡ ತಿರುಗುತ್ತದೆ. ತಿರುಗದೆ ಹೊರಟುಹೋದರೆ ಹೋಗಲಿ.

ಮರದ ಮೇಲಿನ ಅಟ್ಟಣೆಯಿಂದ ಹೊಡೆಯುವವರು ಇನ್ನೊಂದು ಲೆಕ್ಕ ಹಾಕಬೇಕು. ಗುಂಡು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುವುದರಿಂದ ಈ ಕಡೆ ಸ್ವಲ್ಪ ಮೇಲೆ ಹೊಕ್ಕು ಆ ಕಡೆ ಕೆಳಗೆ ಹೊರಬರಬೇಕು. ಜಿಂಕೆ ತೀರಾ ಕಾಲ ಬುಡದಲ್ಲೇ ಇದ್ದರೆ ಒಂದೇ ಶ್ವಾಸಕೋಶ ಸಿಗುವ ಅಪಾಯ ಇದೆ.

ಈಗ ಗುಂಡಿನ ವಿಷಯ. ಜಿಂಕೆ ಬೇಟೆಯ ಗುಂಡು ಎರಡು ಕೆಲಸ ಮಾಡಬೇಕು: ಒಳಗೆ ಹೋಗಿ ಅರಳಬೇಕು, ಅರಳಿಯೂ ಸಾಕಷ್ಟು ಆಳಕ್ಕೆ ಸಾಗಬೇಕು. ಈ ಎರಡಕ್ಕೂ ಜಗಳ. ಬೇಗ ಅರಳಿದರೆ ಆಳ ಕಡಿಮೆ, ಅರಳದಿದ್ದರೆ ಸೂಜಿ ಚುಚ್ಚಿದ ಹಾಗೆ ಸುಮ್ನೆ ಹಾದುಹೋಗುತ್ತದೆ. ಪೂರ್ತಿ ಲೋಹದ ಹೊದಿಕೆ ಇರುವ ಮಿಲಿಟರಿ ಮಾದರಿಯ ಗುಂಡಿನ ತೊಂದರೆ ಇದೇ. ಅಗ್ಗಕ್ಕೆ ಸಿಗುತ್ತದೆ, ಗುರಿ ಅಭ್ಯಾಸಕ್ಕೆ ಚೆನ್ನ, ಜಿಂಕೆಗೆ ಬೇಡವೇ ಬೇಡ. ಎಷ್ಟೋ ಕಡೆ ಕಾನೂನೇ ಬಿಡುವುದಿಲ್ಲ. ಇದಕ್ಕೆ ತದ್ವಿರುದ್ಧ ಸಣ್ಣ ಪ್ರಾಣಿಗಳಿಗೆಂದು ಮಾಡಿದ ತೆಳು ಹೊದಿಕೆಯ ಗುಂಡು. ಜಿಂಕೆಯ ಭುಜದ ಮೂಳೆಗೆ ತಾಗಿದರೆ ಅಲ್ಲೇ ಪುಡಿಯಾಗಿ ಮೇಲೆ ದೊಡ್ಡ ಗಾಯ ಮಾಡುತ್ತದೆ, ಒಳಗೆ ಏನೂ ಆಗಿರುವುದಿಲ್ಲ. ಗುರಿ ಸ್ಪರ್ಧೆಯ ಮ್ಯಾಚ್ ಗುಂಡುಗಳನ್ನೂ ನಾನು ದೂರ ಇಡುತ್ತೇನೆ. ಒಮ್ಮೆ ಅರಳುತ್ತವೆ, ಒಮ್ಮೆ ಇಲ್ಲ.

ನೀವು ಹಾಕಿದ್ದು ಹಳೆಯ ಕಾಲದ ಸರಳ ಜಾತಿ. ತಾಮ್ರದ ಹೊದಿಕೆ, ಒಳಗೆ ಸೀಸ, ತುದಿಯಲ್ಲಿ ಸೀಸ ಸ್ವಲ್ಪ ಹೊರಗೆ ಕಾಣುತ್ತದೆ. ರೆಮಿಂಗ್ಟನ್ ಕೋರ್-ಲಾಕ್ಟ್ 1939ರಿಂದ ಇದೆ, ಇವತ್ತಿಗೂ ಜಿಂಕೆ ಬೇಟೆಗೆ ನಡೆಯುತ್ತಿದೆ. ಮಧ್ಯಮ ವೇಗದ ಕಾರ್ಟ್ರಿಜ್‌ನಲ್ಲಿ (ಗುಂಡು, ಮದ್ದು ಸೇರಿದ ತೋಟಾದಲ್ಲಿ), ಪಕ್ಕೆಲುಬಿನ ಏಟಿಗೆ ಇದನ್ನು ಮೀರಿಸುವುದು ಕಷ್ಟ. ಇದರ ದೌರ್ಬಲ್ಯ ಕಾಣುವುದು ದೊಡ್ಡ ಮೂಳೆಗೆ ಅತಿ ವೇಗದಲ್ಲಿ ಬಡಿದಾಗ. ಹೊದಿಕೆಯಿಂದ ಸೀಸ ಬೇರೆಯಾಗಿ ಗುಂಡು ಚೂರಾಗುತ್ತದೆ. ಜಾನ್ ನಾಸ್ಲರ್ ಅನ್ನುವವರಿಗೆ 1946ರಲ್ಲಿ ಕೆನಡಾದಲ್ಲಿ ಮೂಸ್ ಅನ್ನುವ ಭಾರೀ ಜಿಂಕೆಯನ್ನು ಬೇಟೆಯಾಡುವಾಗ ಇಂಥದೇ ಅನುಭವವಾಯಿತು. ಮೈಗೆಲ್ಲ ಕೆಸರು ಮೆತ್ತಿದ್ದ ಆ ಪ್ರಾಣಿಗೆ ಗುಂಡು ಆಳಕ್ಕೆ ಇಳಿಯಲೇ ಇಲ್ಲ. ಆ ಸಿಟ್ಟಿನಲ್ಲಿ ಅವರು ಗುಂಡಿನ ನಡುವೆ ಒಂದು ಲೋಹದ ಗೋಡೆ ಬಿಟ್ಟು ಪಾರ್ಟಿಶನ್ ಗುಂಡು ಮಾಡಿದರು. ಮುಂದಿನ ಅರ್ಧ ಅರಳಿ ಹರಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಮುಂದೆ ಸಾಗುತ್ತದೆ. ಈಗಿನ ಬಾಂಡೆಡ್ ಗುಂಡುಗಳು ಅದೇ ಸಮಸ್ಯೆಗೆ ಇನ್ನೊಂದು ಉತ್ತರ. ಅವುಗಳಲ್ಲಿ ಸೀಸವನ್ನು ಹೊದಿಕೆಗೆ ಬೆಸೆದೇ ಬಿಟ್ಟಿರುತ್ತಾರೆ.

ನಿಮ್ಮ ಸ್ನೇಹಿತರು ಹೇಳಿದ ತಾಮ್ರದ ಗುಂಡು ಕೆಟ್ಟದ್ದಲ್ಲ, ಒಳ್ಳೆಯದೇ. ಇಡೀ ಗುಂಡು ಒಂದೇ ತಾಮ್ರದ ತುಂಡು, ತುದಿಯಲ್ಲಿ ಟೊಳ್ಳು. ಒಳಹೊಕ್ಕಾಗ ಆ ತುದಿ ನಾಲ್ಕು ಎಸಳುಗಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಬಾರ್ನ್ಸ್ ಕಂಪನಿಯ ಎಕ್ಸ್ ಗುಂಡು 1980ರ ದಶಕದ ಕೊನೆಗೆ ಬಂದ ಮೇಲೆ ಈ ಜಾತಿ ಬೆಳೆಯಿತು. ಇದಕ್ಕೆ ಒಂದು ಷರತ್ತು ಇದೆ: ವೇಗ ಬೇಕು. ತಾಗುವಾಗ ಸೆಕೆಂಡಿಗೆ ಸುಮಾರು 2,000 ಅಡಿ ವೇಗ ಉಳಿದಿರುವ ಹಾಗೆ ನೋಡಿಕೊಳ್ಳಿ. ಅದಕ್ಕಿಂತ ನಿಧಾನವಾದರೆ ಎಸಳು ಬಿಚ್ಚುವುದು ಅನುಮಾನ. ಅದಕ್ಕೇ ತಾಮ್ರದಲ್ಲಿ ತೂಕ ಒಂದು ಹಂತ ಇಳಿಸಿ ವೇಗ ಹೆಚ್ಚಿಸಿಕೊಳ್ಳುತ್ತಾರೆ. 150ರ ಬದಲು 130 ಗ್ರೇನ್ ಹಾಕಿದರೂ .308ರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ತಾಮ್ರಕ್ಕೆ ಹೋಗಲು ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. ಸೀಸದ ಗುಂಡು ಒಳಗೆ ಹೋಗಿ ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಮಾಂಸದಲ್ಲಿ ಚದುರುತ್ತವೆ. ಎಕ್ಸ್-ರೇ ತೆಗೆದರೆ ಗಾಯದಿಂದ ಗೇಣು ದೂರದಲ್ಲೂ ಚುಕ್ಕಿಗಳು ಕಾಣುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಆ ಮಾಂಸ ತಿನ್ನುವುದಾದರೆ ಯೋಚಿಸಬೇಕಾದ ವಿಷಯ. ಕಾಡಲ್ಲಿ ಬಿಟ್ಟುಬಂದ ಕರುಳು ತಿಂದ ಹದ್ದು, ರಣಹದ್ದುಗಳಿಗೆ ಸೀಸದ ವಿಷ ಏರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗೇ ಇಲ್ಲ. ಬದಲಾಯಿಸುವುದಾದರೆ ಒಂದು ನೆನಪಿಡಿ. ಹೊಸ ಗುಂಡು ಅದೇ ರೈಫಲ್‌ನಿಂದ ಬೇರೆ ಜಾಗಕ್ಕೆ ಬೀಳುತ್ತದೆ. ಗುರಿ ಅಭ್ಯಾಸದ ರೇಂಜಿಗೆ ಹೋಗಿ ಮತ್ತೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಹೊಂದಿಸದೆ ಕಾಡಿಗೆ ಹೋಗಬೇಡಿ.

ಕಾನೂನಿನ ಕನಿಷ್ಠ ಮಟ್ಟ ಜಾಗಕ್ಕೊಂದು ತರಹ. ಸ್ಕಾಟ್ಲೆಂಡಿನಲ್ಲಿ ಗುಂಡಿನ ತೂಕ, ವೇಗ, ಶಕ್ತಿ ಎಲ್ಲಕ್ಕೂ ಲೆಕ್ಕ ಇದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆಯೇ ಅಪರಾಧ, ಹಾಗಾಗಿ ಅಲ್ಲಿಂದ ಓದುವವರಿಗೆ ಇದು ತಿಳಿವಳಿಕೆಗೆ ಮಾತ್ರ.

ಮ್ಯಾಗ್ನಮ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಒರಟು. ಜಿಂಕೆಗೆ ಬೇಡ. ಅದರ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ತಮಗೆ ಹಾಗಾಗುತ್ತಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ನಿಮ್ಮದನ್ನು ಪರೀಕ್ಷೆ ಮಾಡಿಕೊಳ್ಳಿ. ರೇಂಜಿನಲ್ಲಿ ಸ್ನೇಹಿತರ ಕೈಯಲ್ಲಿ ರೈಫಲ್ ಕೊಡಿ. ಒಮ್ಮೆ ಗುಂಡು ತುಂಬಿ, ಒಮ್ಮೆ ಬರೀ ಡಮ್ಮಿ (ಸಿಡಿಯದ ನಕಲಿ ತೋಟಾ) ಹಾಕಿ, ಹೇಳದೆ ನಿಮಗೆ ಕೊಡಲಿ. ಡಮ್ಮಿ ಇದ್ದಾಗ ಟ್ರಿಗರ್ ಎಳೆದರೆ ನಳಿಗೆ ಅಲುಗಾಡಬಾರದು. ಬಗ್ಗಿ ಕುಕ್ಕಿದರೆ ರೋಗ ಗೊತ್ತಾಯಿತು. .243, 6.5 ಕ್ರೀಡ್‌ಮೋರ್, 7 ಎಂಎಂ-08 ಇವೆಲ್ಲ ಒದೆತ ಕಡಿಮೆ ಇರುವ, ಜಿಂಕೆಗೆ ಬೇಕಾದಷ್ಟು ಬಲ ಇರುವ ಕಾರ್ಟ್ರಿಜ್‌ಗಳು. .243ಕ್ಕೆ ಮಾತ್ರ 90ರಿಂದ 100 ಗ್ರೇನಿನ ಜಿಂಕೆ ಗುಂಡನ್ನೇ ಕೇಳಿ ತಗೊಳ್ಳಿ, ಅದರಲ್ಲಿ ಸಣ್ಣ ಪ್ರಾಣಿಗಳ ತೆಳು ಗುಂಡೂ ಬರುತ್ತದೆ. ನಿಮ್ಮ .308 ಇದೆಯಲ್ಲ, ಅದನ್ನೇ ಇಟ್ಟುಕೊಳ್ಳಿ.

ಎಷ್ಟು ದೂರದವರೆಗೆ ಹೊಡೆಯಬಹುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರೇಂಜಿನ ಬೆಂಚಿನ ಮೇಲೆ ಮರಳು ಚೀಲಕ್ಕೆ ಆನಿಸಿ ಹೊಡೆದ ಲೆಕ್ಕ ಬೇಡ. 8 ಇಂಚಿನ ಊಟದ ತಟ್ಟೆಯಷ್ಟು ಕಾಗದ ಕತ್ತರಿಸಿ ನಿಲ್ಲಿಸಿ. ಕಾಡಲ್ಲಿ ಹೇಗೆ ಕೂರುತ್ತೀರೋ ಹಾಗೆ, ಮಂಡಿಯೂರಿ, ದಪ್ಪ ಜಾಕೆಟ್ ಹಾಕಿಕೊಂಡು, ಇಪ್ಪತ್ತು ಹೆಜ್ಜೆ ಓಡಿಬಂದು ಐದು ಗುಂಡು ಹೊಡೆಯಿರಿ. ಐದೂ ಆ ತಟ್ಟೆಯೊಳಗೆ ಬೀಳುವ ದೂರ ಎಷ್ಟೋ ಅಷ್ಟು ನಿಮ್ಮ ಮಿತಿ. ಬಹಳ ಜನರಿಗೆ ಅದು 150 ಗಜ ದಾಟುವುದಿಲ್ಲ, ಬೆಂಚಿನ ಮೇಲೆ 300 ಗಜ ಹೊಡೆಯುವವರಿಗೂ. ನಿಮ್ಮ ಸ್ಕೋಪನ್ನು 200 ಗಜಕ್ಕೆ ಹೊಂದಿಸಿದರೆ ಗುಂಡು 100 ಗಜದಲ್ಲಿ ಸುಮಾರು 2 ಇಂಚು ಮೇಲೆ ಬೀಳುತ್ತದೆ. 200 ಗಜದೊಳಗೆ ಲೆಕ್ಕಾಚಾರವೇ ಬೇಡ, ಜಾಗ ನೋಡಿ ಹೊಡೆದರೆ ಆಯಿತು. ಜಿಂಕೆಯ ಹಿಂದೆ ಮಣ್ಣಿನ ದಿಬ್ಬ ಇದೆಯಾ ಅಂತ ನೋಡದೆ ಮಾತ್ರ ಹೊಡೆಯಬೇಡಿ. ಒಳ್ಳೆಯ ಗುಂಡು ಜಿಂಕೆಯನ್ನು ದಾಟಿ ಹೋಗುತ್ತದೆ.

ಇನ್ನು ಗುಂಡು ಹಾರಿದ ಮೇಲಿನ ಮಾತು. ನಿಮ್ಮ ಎರಡನೇ ತಪ್ಪು ಇಲ್ಲಿದೆ, ನಿಜ ಹೇಳಬೇಕೆಂದರೆ ಜಿಂಕೆ ಕೈತಪ್ಪಿದ್ದು ಇದರಿಂದಲೇ. ಹೊಟ್ಟೆಗೆ ತಾಗಿದ ಜಿಂಕೆ ಬೆನ್ನಟ್ಟದಿದ್ದರೆ ಸ್ವಲ್ಪ ದೂರ ಹೋಗಿ ಮಲಗುತ್ತದೆ. ಮಲಗಿದಲ್ಲೇ ಸಾಯುತ್ತದೆ, ಆದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಎಬ್ಬಿಸಿದರೆ ಇನ್ನೊಂದು ಮೈಲಿ ಹೋಗುತ್ತದೆ, ಆ ದಾರಿಯಲ್ಲಿ ರಕ್ತವೂ ಬೀಳುವುದಿಲ್ಲ. ಸಿಕ್ಕಿದ ಗುರುತು ಓದಲು ಕಲಿಯಿರಿ. ತಿಳಿ ಕೆಂಪು, ನೊರೆ ನೊರೆ ರಕ್ತ ಇದ್ದರೆ ಶ್ವಾಸಕೋಶ. ಅರ್ಧ ಗಂಟೆ ಕಾದು ಹೋಗಿ, ಹತ್ತಿರದಲ್ಲೇ ಬಿದ್ದಿರುತ್ತದೆ. ಹಿಂಗಾಲು ಎತ್ತಿ ಕತ್ತೆಯ ಹಾಗೆ ಒದ್ದು ಓಡಿದ್ದರೆ ಹೃದಯದ ಹತ್ತಿರದ ಏಟು. ಗಾಢ ಕೆಂಪು ರಕ್ತ ಲಿವರಿನದು, ಮೂರು ನಾಲ್ಕು ಗಂಟೆ ಕಾಯಬೇಕು. ಹಸಿರು ಅಥವಾ ಕಂದು, ವಾಸನೆ ಇದ್ದರೆ ಹೊಟ್ಟೆ. ಸದ್ದಿಲ್ಲದೆ ಹಿಂದಕ್ಕೆ ಬಂದು ಎಂಟು ಗಂಟೆಯಾದರೂ ಬಿಡಿ. ಸಂಜೆ ಹೊಡೆದಿದ್ದರೆ ಬೆಳಗ್ಗೆ ಹೋಗಿ. ರಕ್ತದ ಜಾಡು ಹಿಡಿಯುವ ನಾಯಿ ಇರುವವರು ಸಿಕ್ಕರೆ, ಮತ್ತು ಆ ಕಡೆಯ ಕಾನೂನು ಒಪ್ಪಿದರೆ, ನೀವೇ ತುಳಿದಾಡಿ ಜಾಡು ಕೆಡಿಸುವ ಮೊದಲೇ ಕರೆಯಿರಿ.

ನನ್ನದೊಂದು ಪೆದ್ದತನ ಹೇಳಿಬಿಡುತ್ತೇನೆ. ಹೊಸದರಲ್ಲಿ ಒಂದು ಗಂಡು ಜಿಂಕೆಗೆ ಹೊಡೆದೆ, ಸಿಡಿಲು ಬಡಿದ ಹಾಗೆ ನಿಂತಲ್ಲೇ ಬಿತ್ತು. ಖುಷಿಯಲ್ಲಿ ರೈಫಲನ್ನು ಮರಕ್ಕೆ ಒರಗಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ಕಾಫಿ ಬಗ್ಗಿಸುವಷ್ಟರಲ್ಲಿ ಅದು ಎದ್ದು, ಒಮ್ಮೆ ತಲೆ ಕೊಡವಿ, ಓಡಿಯೇ ಹೋಯಿತು. ಗುಂಡು ಮೇಲೆ ಬಿದ್ದು ಬೆನ್ನುಮೂಳೆಯ ಮೇಲಿನ ಮುಳ್ಳುಗಳಿಗೆ ಬಡಿದಿತ್ತು. ಆ ಆಘಾತಕ್ಕೆ ಒಂದು ಗಳಿಗೆ ಮೈ ಜೋಮು ಹಿಡಿದಿತ್ತು, ಅಷ್ಟೇ. ಅಂದಿನಿಂದ ಹೊಡೆದ ತಕ್ಷಣ ಇನ್ನೊಂದು ಗುಂಡು ಏರಿಸಿ, ಸ್ಕೋಪಿನಿಂದ ಕಣ್ಣು ತೆಗೆಯದೆ ಒಂದು ನಿಮಿಷ ನೋಡುತ್ತೇನೆ. ಎದ್ದರೆ ಮತ್ತೆ ಹೊಡೆಯುತ್ತೇನೆ. ಎರಡನೇ ಗುಂಡು ಅವಮಾನ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬಿದ್ದ ಜಿಂಕೆಯ ಹತ್ತಿರ ಹೋಗುವಾಗ ಬೆನ್ನಿನ ಕಡೆಯಿಂದ, ಕಾಲುಗಳಿಗೆ ದೂರವಾಗಿ ಹೋಗಿ. ಕಣ್ಣು ನೋಡಿ. ಸತ್ತ ಜಿಂಕೆಯ ಕಣ್ಣು ತೆರೆದಿರುತ್ತದೆ. ಮುಚ್ಚಿದ್ದರೆ ಇನ್ನೂ ಜೀವ ಇದೆ ಅಂತಲೇ ತಿಳಿಯಿರಿ. ಉದ್ದ ಕೋಲಿನ ತುದಿಯಿಂದ ಕಣ್ಣುಗುಡ್ಡೆಯನ್ನು ಮುಟ್ಟಿ. ರೆಪ್ಪೆ ಮಿಟುಕಿದರೆ ಚಾಕು ತೆಗೆಯಬೇಡಿ, ಎರಡು ಹೆಜ್ಜೆ ಹಿಂದೆ ಬಂದು ಎದೆಗೆ ಇನ್ನೊಂದು ಗುಂಡು ಹೊಡೆಯಿರಿ.